ಹತ್ತು ಪುಟದ ಚರಿತ್ರೆ, ಆರು ವರ್ಷದ ಕೆಲಸ

ನಮ್ಮ ಹೋಬಳಿಯ ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಕೊನೆಯ ಏಳು ವರ್ಷ ಮುಖ್ಯೋಪಾಧ್ಯಾಯನಾಗಿದ್ದು ನಿವೃತ್ತನಾದೆ. ಮರುವರ್ಷ ಶಾಲೆ ನಡೆಸುವ ಸಂಘದವರು ಮನೆಗೆ ಬಂದರು. ವಜ್ರ ಮಹೋತ್ಸವ ಹತ್ತಿರ ಬರುತ್ತಿದೆ, ನೀವು ಕಾರ್ಯದರ್ಶಿಯಾಗಬೇಕು, ಸ್ಮರಣ ಸಂಚಿಕೆಗೆ ಶಾಲೆಯ ಚರಿತ್ರೆ ಬರೆದುಕೊಡಬೇಕು, ಹತ್ತು ಪುಟವಾದರೆ ಸಾಕು ಎಂದರು. ಒಪ್ಪಿಕೊಂಡೆ. ಆ ಹತ್ತು ಪುಟಕ್ಕೆ ಕುಳಿತವನು ಸಂಘದ ಬೈಲಾ ತಿದ್ದಿ, ಜಮೀನಿನ ಪಹಣಿ ಬದಲಾಯಿಸಿ ಏಳುವಷ್ಟರಲ್ಲಿ ಆರು ವರ್ಷ ಕಳೆದಿತ್ತು. ಇಂಥದ್ದೇ ಶಾಲೆ ನಡೆಸುತ್ತಿರುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಅನುದಾನಿತ ಶಾಲೆ ಎಂದರೆ ಏನೆಂಬುದು ಅಲ್ಲಿಯೇ ಓದಿದವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ. ಮಂಜೂರಾದ ಹುದ್ದೆಯಲ್ಲಿರುವ ಶಿಕ್ಷಕರ ಸಂಬಳ ಸರ್ಕಾರದ್ದು. ಕಟ್ಟಡ, ಹೆಂಚು, ಬಾವಿ, ವಿದ್ಯುತ್ ಬಿಲ್ಲು, ಬೆಂಚು, ಖಾಲಿ ಹುದ್ದೆಗೆ ತಾತ್ಕಾಲಿಕವಾಗಿ ಬರುವ ಶಿಕ್ಷಕರ ಗೌರವಧನ ಇವೆಲ್ಲ ಸಂಘದ ಹೊಣೆ. ಸಂಘ ನೋಂದಣಿಯಾಗಿರುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಶಾಲೆ ನಡೆಯಬೇಕಾದದ್ದು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಂತೆ. ಹೆಸರಿನಲ್ಲಿ 1983 ಇದ್ದರೂ ಅದು ಜಾರಿಗೆ ಬಂದದ್ದು 1995ರಲ್ಲಿ. ಎರಡು ಕಾಯ್ದೆ, ಎರಡು ಇಲಾಖೆ, ನಡುವೆ ಒಂದು ಶಾಲೆ. ಖಾಸಗಿಯವರು ಕಟ್ಟಿದ ಶಾಲೆಗೆ ಸರ್ಕಾರ ನೆರವು ಕೊಡುವ ಈ ಪದ್ಧತಿ 1854ರ ಚಾರ್ಲ್ಸ್ ವುಡ್ ಅವರ ಶಿಕ್ಷಣ ಸುತ್ತೋಲೆಯಷ್ಟು ಹಳೆಯದು. ನಮ್ಮ ನಾಡಿನ ಎಷ್ಟೋ ದೊಡ್ಡ ಸಂಸ್ಥೆಗಳು ಅದರ ನೆರವಿನಲ್ಲಿಯೇ ಬೆಳೆದವು. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರದು, ಬೆಳಗಾವಿಯ ಕೆಎಲ್‌ಇ ಸಂಸ್ಥೆ 1916ರದು. ದಿನಕರ ದೇಸಾಯಿಯವರು ಉತ್ತರ ಕನ್ನಡದ ಹಳ್ಳಿಗಾಡಿನ ಮಕ್ಕಳಿಗೆಂದು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದ್ದು 1953ರಲ್ಲಿ. ಇವುಗಳ ಚರಿತ್ರೆ ಅಚ್ಚಾಗಿದೆ. ಒಂದೇ ಒಂದು ಶಾಲೆಗಾಗಿ ಹುಟ್ಟಿ, ಆ ಒಂದೇ ಶಾಲೆಯನ್ನು ಹೊತ್ತುಕೊಂಡು ಬಂದ ಹೋಬಳಿ ಮಟ್ಟದ ಸಂಘಗಳ ಚರಿತ್ರೆ ಮಾತ್ರ ಯಾರದೋ ಮನೆಯ ಅಟ್ಟದ ಮೇಲಿರುತ್ತದೆ.

ನಮ್ಮದೂ ಅಟ್ಟದ ಮೇಲೆಯೇ ಇತ್ತು. ಸಂಘದ ಹಳೆಯ ಕಾಗದಗಳು ಶಾಲೆಗೆ ಬಂದದ್ದೇ ಇಲ್ಲ. ಹಿಂದಿನ ಅಧ್ಯಕ್ಷರೊಬ್ಬರ ಮನೆಯಲ್ಲಿ, ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಕಬ್ಬಿಣದ ಟ್ರಂಕಿನಲ್ಲಿದ್ದವು. ಮಲೆನಾಡಿನ ಮಳೆಗಾಲದಲ್ಲಿ ಅರವತ್ತು ವರ್ಷದ ಕಾಗದ ಉಳಿಯುವುದು ಕಷ್ಟ. ಒಲೆಯ ಹೊಗೆ ದಿನವೂ ತಾಗುತ್ತಿದ್ದ ಕಾರಣ ಅವಕ್ಕೆ ಗೆದ್ದಲು ಹಿಡಿದಿರಲಿಲ್ಲ, ಬೂಷ್ಟು ಬಂದಿರಲಿಲ್ಲ. ಟ್ರಂಕು ತೆರೆದಾಗ ಬಂದ ಹೊಗೆಯ ವಾಸನೆ ತಿಂಗಳುಗಟ್ಟಲೆ ನನ್ನ ಓದುವ ಕೋಣೆಯಲ್ಲಿತ್ತು. ನಡಾವಳಿ ಪುಸ್ತಕಗಳು ನಾಲ್ಕು ಸಿಕ್ಕವು. ಬೆನ್ನಿನ ಮೇಲೆ ಬರೆದಿದ್ದ ಸಂಖ್ಯೆ ಒಂದು, ಮೂರು, ನಾಲ್ಕು, ಐದು. ಜೊತೆಗೆ ರಸೀದಿ ಪುಸ್ತಕಗಳ ಅಡಿಪ್ರತಿ, ಒಂದು ಆವಕ–ಜಾವಕ ವಹಿ, ದಾರ ಹಾಕಿ ಹೊಲಿದ ಒಂದು ಉದ್ದನೆಯ ಪುಸ್ತಕ.

ಪುಟಗಳನ್ನೆಲ್ಲ ಕಿಟಕಿಯ ಬೆಳಕಿನಲ್ಲಿ ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಂಡೆ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಭೆಯ ತಾರೀಖು, ಹಾಜರಿದ್ದವರು, ಬಂದ ವಿಷಯ, ಆದ ಠರಾವು ಎಂದು ನಾಲ್ಕು ಮನೆ ಹಾಕಿ ಕೈಯಿಂದ ಬರೆದೆ. ಮೊದಲ ಪುಸ್ತಕಕ್ಕೇ ಮೂರು ತಿಂಗಳು ಹಿಡಿಯಿತು. ಚಿತ್ರ ಇದ್ದ ಮೇಲೆ ಮತ್ತೆ ಬರೆಯುವುದೇಕೆ ಎಂದು ಮಗಳು ಕೇಳಿದಳು. ಕೈಯಿಂದ ಬರೆಯುವಾಗ ಮಾತ್ರ ಕಣ್ಣಿಗೆ ಬೀಳುವ ಸಂಗತಿಗಳಿರುತ್ತವೆ.

ಅಂಥದ್ದು ಮೊದಲು ಕಂಡದ್ದು ಶಾಲೆ ಆರಂಭವಾದ ಎರಡನೆಯ ವರ್ಷದ ಒಂದು ಠರಾವಿನಲ್ಲಿ. ಕೆಲವು ಮಕ್ಕಳಿಗೆ ಕುಡಿಯುವ ನೀರಿನ ಹಂಡೆಯನ್ನು ಬೇರೆ ಇಡಬೇಕೆಂದು ಅರ್ಜಿ ಬಂದಿತ್ತು. ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 1955ರಲ್ಲಿಯೇ ಬಂದಿದ್ದರೂ ಆ ಕಾಲದಲ್ಲಿ ಹಳ್ಳಿಯ ಜಗುಲಿಗೆ ಕಾಯ್ದೆ ತಲುಪಿರಲಿಲ್ಲ. ಸಮಿತಿ ಆ ಅರ್ಜಿಯನ್ನು ತಳ್ಳಿಹಾಕಿ, ಶಾಲೆಯಲ್ಲಿ ಹಂಡೆ ಒಂದೇ ಇರತಕ್ಕದ್ದು ಎಂದು ಎರಡು ಸಾಲಿನಲ್ಲಿ ಬರೆದಿತ್ತು. ಚರ್ಚೆಯ ವಿವರವೇನೂ ಇಲ್ಲ. ಆದರೆ ಹಾಜರಿಯ ಮನೆ ತುಂಬುತ್ತಾ ಹೋದಾಗ ಗಮನಕ್ಕೆ ಬಂತು: ಅಲ್ಲಿಯವರೆಗೆ ಒಂದು ಸಭೆಯನ್ನೂ ತಪ್ಪಿಸದ ಇಬ್ಬರು ಸದಸ್ಯರ ಸಹಿ ಆ ಸಭೆಯ ನಂತರ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಹೊಸ ಶಾಲೆ, ಕೈಯಲ್ಲಿ ಹಣವಿಲ್ಲ. ಇಬ್ಬರು ಸದಸ್ಯರನ್ನೂ ಅವರ ವಂತಿಗೆಯನ್ನೂ ಕಳೆದುಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ. ಆ ಎರಡು ಸಾಲಿಗೆ ಶಾಲೆ ಎಷ್ಟು ಬೆಲೆ ತೆತ್ತಿತು ಎಂಬುದು ಖಾಲಿ ಬಿದ್ದ ಆ ಸಹಿಯ ಜಾಗಗಳಿಂದ ನನಗೆ ತಿಳಿಯಿತು. ಅವತ್ತು ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇನ್ನೊಂದು ಸಂಗತಿ ಸಿಕ್ಕಿದ್ದು ಶಾಲೆಯಲ್ಲಿಯೇ ಇದ್ದ ದಾಖಲಾತಿ ವಹಿಯಲ್ಲಿ. ಮೂವತ್ತು ವರ್ಷ ನನ್ನ ಕೈಗೆಟುಕುವಂತೆಯೇ ಇದ್ದ ಪುಸ್ತಕ. ವರ್ಗಾವಣೆ ಪತ್ರ ಬರೆಯುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ನಾನು ಅದನ್ನು ತೆರೆದಿರಲಿಲ್ಲ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರಿನಲ್ಲಿ ಮನೆ ಮಠ ಕಳೆದುಕೊಂಡ ಕೆಲವು ಕುಟುಂಬಗಳು ನಮ್ಮ ಕಡೆಗೆ ಬಂದು ನೆಲೆಸಿದ್ದವು. ವಹಿಯ ‘ಹಿಂದೆ ಓದಿದ ಶಾಲೆ’ ಎಂಬ ಕಾಲಮಿನಲ್ಲಿ ಆ ಮಕ್ಕಳು ಕಲಿತ ಪ್ರಾಥಮಿಕ ಶಾಲೆಗಳ ಹೆಸರುಗಳಿವೆ. ಆ ಊರುಗಳು ಇಂದು ನೀರಿನಡಿಯಲ್ಲಿವೆ. ಏಳನೆಯ ತರಗತಿ ಓದಿದ ಶಾಲೆಗೆ ಹಿಂತಿರುಗಿ ಹೋಗಿ ಒಂದು ದಾಖಲೆ ತರಲೂ ಆಗದ ಮಕ್ಕಳನ್ನು, ತಂದೆಯ ಹೇಳಿಕೆಯ ಮೇಲೆಯೇ ಸೇರಿಸಿಕೊಂಡದ್ದಕ್ಕೆ ಷರಾ ಇದೆ. ಇಲ್ಲೊಂದು ಎಚ್ಚರಿಕೆ ಹೇಳಬೇಕು. ದಾಖಲಾತಿ ವಹಿಯಲ್ಲಿ ಜಾತಿ, ತಂದೆಯ ಕಸುಬು, ಹುಟ್ಟಿದ ದಿನ ಎಲ್ಲವೂ ಇರುತ್ತವೆ. ಚರಿತ್ರೆ ಬರೆಯುವ ಉತ್ಸಾಹದಲ್ಲಿ ಆ ಪುಟಗಳ ಚಿತ್ರವನ್ನು ಯಾರೂ ಸಂಚಿಕೆಯಲ್ಲಿ ಹಾಕಬಾರದು. ನಾನು ಊರುಗಳ ಹೆಸರನ್ನು ಮಾತ್ರ ಬರೆದುಕೊಂಡೆ, ಮಕ್ಕಳ ಹೆಸರನ್ನು ಬಿಟ್ಟೆ.

ಇನ್ನು ಆ ಹೊಲಿದ ಪುಸ್ತಕ. ಅದು ಆಳಿನ ಲೆಕ್ಕ. ಕಟ್ಟಡ ಏಳುವಾಗ ಯಾವ ಮನೆಯಿಂದ ಎಷ್ಟು ದಿನ ಯಾರು ಕೂಲಿ ಇಲ್ಲದೆ ದುಡಿದರು ಎಂಬ ಪಟ್ಟಿ. ಒಂದೊಂದು ದಿನಕ್ಕೆ ಒಂದೊಂದು ಹೆಬ್ಬೆಟ್ಟಿನ ಗುರುತು, ನೀಲಿ ಶಾಯಿಯಲ್ಲಿ. ಕೆಲವು ಹೆಬ್ಬೆಟ್ಟುಗಳ ಗೆರೆಯೇ ಮೂಡಿಲ್ಲ, ಅಷ್ಟು ಸವೆದ ಕೈಗಳು. ಶಾಲೆಯ ಬಾಗಿಲಲ್ಲಿರುವ ಅಮೃತಶಿಲೆಯ ಫಲಕದಲ್ಲಿ ಸಂಸ್ಥಾಪಕರೆಂದು ಇಪ್ಪತ್ತೊಂದು ಹೆಸರುಗಳಿವೆ. ಹಣ, ಅಡಿಕೆ, ಭತ್ತ ಕೊಟ್ಟವರು. ಆಳಿನ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ಹೆಸರುಗಳಿವೆ. ಎರಡೂ ಪಟ್ಟಿಯಲ್ಲಿರುವ ಹೆಸರು ಒಂದೂ ಇಲ್ಲ.

ಆ ಪಟ್ಟಿಯವರಲ್ಲಿ ಬದುಕಿರುವವರನ್ನು ಹುಡುಕಿಕೊಂಡು ಹೋದೆ. ಊರ ಹೊರಗಿನ ಕೇರಿಯಲ್ಲಿ ಒಬ್ಬ ಅಜ್ಜಿ ಸಿಕ್ಕರು. ತಂದೆಗೆ ಜ್ವರ ಬಂದಿದ್ದ ಒಂದು ವಾರ ಅವರ ಬದಲಿಗೆ ತಾನು ಜಂಬಿಟ್ಟಿಗೆ ಕಲ್ಲು ಹೊತ್ತೆ, ಆಗ ನನಗೆ ಹದಿಮೂರೋ ಹದಿನಾಲ್ಕೋ ವರ್ಷ ಎಂದರು. ಪುಸ್ತಕ ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ. ತಂದೆಯ ಹೆಸರನ್ನು ನಾನು ಓದಿ ಹೇಳಿದೆ, ಅದರ ಮುಂದೆ ಆರು ಗುರುತುಗಳಿದ್ದವು. ಉಳಿದವುಗಳಿಗಿಂತ ಅವು ಚಿಕ್ಕವು. ಅಜ್ಜಿ ತಮ್ಮ ಹೆಬ್ಬೆರಳನ್ನು ನಿಧಾನವಾಗಿ ಅದರ ಮೇಲೆ ಇಟ್ಟು ನೋಡಿದರು.

“ಕಲ್ಲು ಹೊತ್ತೆ ಮೇಷ್ಟ್ರೇ. ಒಳಗೆ ಹೋದದ್ದು ಮೊಮ್ಮಗಳ ವಾರ್ಷಿಕೋತ್ಸವಕ್ಕೆ,” ಎಂದರು. ದೂರಿನ ದನಿ ಇರಲಿಲ್ಲ.

ಅಲ್ಲಿಂದ ಹಿಂತಿರುಗುವಾಗ ನನ್ನ ಕೆಲಸದ ದಿಕ್ಕೇ ಬದಲಾಯಿತು. ಸಂಘದ ಮೂಲ ಬೈಲಾದಲ್ಲಿ ಸದಸ್ಯನಾಗಲು ಒಂದು ಮೊತ್ತ ಕಟ್ಟಬೇಕೆಂದಿದೆ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಹಣ ಕೊಟ್ಟವರು ಸದಸ್ಯರಾದರು, ಮೈ ಮುರಿದು ದುಡಿದವರು ಆಗಲಿಲ್ಲ. ಸದಸ್ಯರ ಮಕ್ಕಳು ಸದಸ್ಯರಾದರು, ಅವರಲ್ಲಿಯೇ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಸುತ್ತಿಕೊಂಡು ಬಂದರು. ಯಾರೂ ಕೆಟ್ಟವರಲ್ಲ, ಶಾಲೆಗಾಗಿ ಮನೆಯ ಕೆಲಸ ಬಿಟ್ಟು ಓಡಾಡಿದವರೇ. ಆದರೆ ಶಾಲೆಯನ್ನು ಯಾರು ಕಟ್ಟಿದರು ಎಂಬ ಪ್ರಶ್ನೆಗೆ ಅರ್ಧ ಉತ್ತರವನ್ನು ಕಲ್ಲಿನಲ್ಲಿ ಕೊರೆದಿಟ್ಟ ಕಾರಣ, ಯಾರು ನಡೆಸಬೇಕು ಎಂಬ ಪ್ರಶ್ನೆಗೂ ಅರವತ್ತು ವರ್ಷ ಅರ್ಧ ಉತ್ತರವೇ ಸಿಕ್ಕಿತ್ತು. ಚರಿತ್ರೆಯನ್ನು ಪೂರ್ತಿ ಬರೆದರೆ ಬೈಲಾವನ್ನು ಮುಟ್ಟದೆ ಬಿಡುವಂತಿರಲಿಲ್ಲ.

ಬೈಲಾ ಓದಲು ಕುಳಿತಾಗ ಇನ್ನೊಂದು ಸಂಗತಿ ಹೊರಬಂತು. ಮಹಾಸಭೆಗೆ ಮೂರನೆಯ ಒಂದು ಭಾಗ ಸದಸ್ಯರು ಬಂದರೆ ಕೋರಂ. ಸದಸ್ಯರ ಪಟ್ಟಿಯಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತೀರಿಹೋಗಿದ್ದರು. ಹೆಸರು ತೆಗೆದವರಿಲ್ಲ. ಹಾಗಾಗಿ ಕೋರಂ ಆಗುತ್ತಲೇ ಇರಲಿಲ್ಲ. ಅರ್ಧ ಗಂಟೆ ಸಭೆ ಮುಂದೂಡುವುದು, ಆಮೇಲೆ ಅದೇ ಜಾಗದಲ್ಲಿ, ಬಂದಷ್ಟೇ ಜನರಲ್ಲಿ ನಡೆಸುವುದು, ಮುಂದೂಡಿದ ಸಭೆಗೆ ಕೋರಂ ಬೇಡ ಎಂಬ ನಿಯಮದ ಆಸರೆಯಲ್ಲಿ. ಮೂರನೆಯ ನಡಾವಳಿ ಪುಸ್ತಕದಿಂದ ಆಚೆಗೆ ಪ್ರತಿ ಮಹಾಸಭೆಯೂ ಹೀಗೆಯೇ ನಡೆದಿದೆ. ಹತ್ತೋ ಹನ್ನೆರಡೋ ಜನ ಕಾಫಿ ಕುಡಿದು ಬಂದು ಇಡೀ ಊರಿನ ಶಾಲೆಯ ವರ್ಷದ ಲೆಕ್ಕ ಪಾಸು ಮಾಡಿದ್ದಾರೆ. ಕಾಯ್ದೆಯ ಪ್ರಕಾರ ವರ್ಷವರ್ಷವೂ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪರಿಶೋಧನೆ ಆದ ಲೆಕ್ಕಪತ್ರಗಳನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಮ್ಮಲ್ಲಿ ಕೆಲವು ವರ್ಷದ್ದು ಸಲ್ಲಿಕೆಯಾಗಿರಲಿಲ್ಲ. ದಂಡ ಕಟ್ಟಿ ಸರಿಪಡಿಸಿದೆವು. ಈ ಕೆಲಸವನ್ನು ಬೇರೆಲ್ಲಕ್ಕಿಂತ ಮೊದಲು ಮಾಡಿಕೊಳ್ಳಿ. ಕಡತ ಸರಿಯಿಲ್ಲದ ಸಂಘ ತಿದ್ದುಪಡಿ ತೆಗೆದುಕೊಂಡು ಹೋದರೆ ಕಚೇರಿಯ ಮೇಜಿನಿಂದ ಆಚೆಗೆ ಅದು ಹೋಗುವುದಿಲ್ಲ.

ತಿದ್ದುಪಡಿಗೆ ಎರಡು ವರ್ಷ ಹಿಡಿಯಿತು. ತೀರಿಕೊಂಡವರ ಹೆಸರನ್ನು ಗೌರವ ಪಟ್ಟಿಗೆ ಸೇರಿಸಿ ಮತದಾನದ ಪಟ್ಟಿಯಿಂದ ತೆಗೆದೆವು. ಆಳಿನ ಲೆಕ್ಕದಲ್ಲಿರುವವರ ವಂಶದವರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ಈಗ ಓದುತ್ತಿರುವ ಮಕ್ಕಳ ತಂದೆ ತಾಯಿಗೆ ಸದಸ್ಯತ್ವದ ಶುಲ್ಕವನ್ನು ಒಂದು ದಿನದ ಕೂಲಿಗಿಂತ ಕಡಿಮೆ ಇಟ್ಟೆವು. ಹನ್ನೊಂದು ಜನರ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರು, ಪೋಷಕರ ಸಭೆಯಲ್ಲಿಯೇ ಆಯ್ಕೆಯಾದ ಇಬ್ಬರು ಪೋಷಕರು, ಒಂದು ಮನೆಯಿಂದ ಒಬ್ಬರೇ. ಅವಧಿ ಮೂರು ವರ್ಷ. ಸತತವಾಗಿ ಎರಡು ಅವಧಿ ಮುಗಿಸಿದವರು ಮೂರು ವರ್ಷ ಹೊರಗಿರಬೇಕು. ಪೋಷಕರನ್ನು ಸಮಿತಿಗೆ ತರಲು ಬೈಲಾವೇ ಏಕೆ ಬೇಕು ಎಂದು ಕೆಲವರು ಕೇಳಿದರು. ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ, ಅಲ್ಲಿ ಪೋಷಕರಿಗೆ ಅಧಿಕಾರವಿದೆ. ಅನುದಾನಿತ ಶಾಲೆಗಳಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಶಾಲಾ ಸಮಿತಿಗೆ ಸಲಹೆ ಕೊಡುವ ಕೆಲಸ ಮಾತ್ರ. ಅದೂ ಆ ಕಾಯ್ದೆ ಎಂಟನೆಯ ತರಗತಿಗೆ ಮುಗಿಯುತ್ತದೆ. ನಮ್ಮಂಥ ಶಾಲೆಯಲ್ಲಿ ಪೋಷಕರ ಮಾತಿಗೆ ಮತದ ಬಲ ಬರಬೇಕಾದರೆ ಸಂಘವೇ ಮನಸ್ಸು ಮಾಡಬೇಕು.

ಅತ್ಯಂತ ಹೆಚ್ಚು ಜಗಳವಾದದ್ದು ಒಂದೇ ಸಾಲಿನ ನಿಯಮಕ್ಕೆ: ಸದಸ್ಯರ ಸಂಬಂಧಿಕರ ನೇಮಕವೋ ಗುತ್ತಿಗೆಯೋ ಚರ್ಚೆಗೆ ಬಂದಾಗ ಆ ಸದಸ್ಯರು ಸಭೆಯಿಂದ ಹೊರಗಿರಬೇಕು. ನಮ್ಮ ಪ್ರಾಮಾಣಿಕತೆಯ ಮೇಲೆ ಅನುಮಾನವೇ ಎಂದು ಹಿರಿಯರು ನೊಂದುಕೊಂಡರು. ನಿಯಮ ಹೇಗೋ ಪಾಸಾಯಿತು. ಆರು ತಿಂಗಳೊಳಗೆ ಪರೀಕ್ಷೆಯೂ ಬಂತು. ಗಣಿತಕ್ಕೆ ಗೌರವಧನದ ಶಿಕ್ಷಕರು ಬೇಕಾಗಿದ್ದರು, ಅರ್ಜಿ ಹಾಕಿದ ಮೂವರಲ್ಲಿ ಒಬ್ಬರು ಅಧ್ಯಕ್ಷರ ಸೊಸೆ. ಆ ವಿಷಯ ಓದಿದ ಕೂಡಲೇ ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎದ್ದರು. “ಮೇಷ್ಟ್ರೇ, ಮುಗಿದ ಮೇಲೆ ಕರೆಯಿರಿ,” ಎಂದು ಹೇಳಿ ಜಗುಲಿಗೆ ಹೋದರು. ಹೊರಗೆ ಮಳೆ ಹೊಯ್ಯುತ್ತಿತ್ತು. ಕಿಟಕಿಯಿಂದ ನೋಡಿದರೆ ಮಕ್ಕಳ ಕೊಡೆಗಳನ್ನು ಸಾಲಾಗಿ ಗೋಡೆಗೆ ಒರಗಿಸಿಡುತ್ತಿದ್ದರು. ಸೊಸೆಗೆ ಕೆಲಸ ಸಿಗಲಿಲ್ಲ, ಹೆಚ್ಚು ಅನುಭವವಿದ್ದ ಇನ್ನೊಬ್ಬರಿಗೆ ಸಿಕ್ಕಿತು. ಅಧ್ಯಕ್ಷರು ಒಳಗೆ ಬಂದು ಕನ್ನಡಕ ಹಾಕಿಕೊಂಡು ಮುಂದಿನ ವಿಷಯ ಓದಿ ಎಂದರು. ಆ ನಂತರ ಆ ನಿಯಮದ ಬಗ್ಗೆ ಯಾರೂ ಮಾತನಾಡಿಲ್ಲ. ನಾನು ಅವರ ಬಗ್ಗೆ ಇಟ್ಟುಕೊಂಡಿರುವ ಗೌರವಕ್ಕೆ ಆ ಹದಿನೈದು ನಿಮಿಷವೇ ಸಾಕು.

ಜಮೀನಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಎಷ್ಟೋ ಶಾಲೆಗಳ ಕಥೆ. ಆಟದ ಮೈದಾನದ ಜಾಗವನ್ನು ಊರಿನ ಒಬ್ಬ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟಿದ್ದರು. ಮೊದಲ ನಡಾವಳಿ ಪುಸ್ತಕದಲ್ಲಿ ಕೃತಜ್ಞತೆಯ ಠರಾವೂ ಇದೆ. ಪಹಣಿ ತೆಗೆಸಿದರೆ ಮಾಲೀಕರ ಹೆಸರು ಬರೆಯುವ ಒಂಬತ್ತನೆಯ ಕಾಲಮಿನಲ್ಲಿ ಅವರ ಹೆಸರೇ. ಸ್ಥಿರಾಸ್ತಿಯ ದಾನಕ್ಕೆ ಇಬ್ಬರು ಸಾಕ್ಷಿಗಳ ಸಹಿ ಇರುವ ನೋಂದಾಯಿತ ದಾನಪತ್ರ ಬೇಕೇ ಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 123ನೆಯ ಕಲಮು ಹೇಳುತ್ತದೆ. ಅಂದರೆ ಮೂರು ತಲೆಮಾರಿನ ಮಕ್ಕಳು ಆಡಿದ ಮೈದಾನ ಕಾಗದದಲ್ಲಿ ಶಾಲೆಯದಾಗಿರಲೇ ಇಲ್ಲ. ವಾರಸುದಾರರು ನಾಲ್ವರು, ಇಬ್ಬರು ಬೆಂಗಳೂರಿನಲ್ಲಿ. ರಸ್ತೆ ಅಗಲವಾದ ಮೇಲೆ ಅಂಚಿನ ಜಾಗಕ್ಕೆ ಬೆಲೆ ಬಂದಿತ್ತು, ಒಬ್ಬರಿಗೆ ಅದನ್ನು ಉಳಿಸಿಕೊಳ್ಳುವ ಮನಸ್ಸಿತ್ತು. ನಾನು ಕಾನೂನಿನ ಮಾತೆತ್ತಲಿಲ್ಲ. ಅವರ ಅಜ್ಜನ ದಾನದ ಠರಾವಿನ ಪುಟವನ್ನು ದೊಡ್ಡದಾಗಿ ಪ್ರತಿ ತೆಗೆಸಿ, ನಾಲ್ಕು ಮನೆಗೂ ನಾನೇ ತೆಗೆದುಕೊಂಡು ಹೋದೆ. ಬೆಂಗಳೂರಿನ ಮನೆಯಲ್ಲಿ ಅವರ ತಾಯಿ ಆ ಪುಟವನ್ನು ಎರಡು ಸಲ ಓದಿದರು. ಮಾವನವರ ಅಕ್ಷರ ಇದು ಎಂದರು, ಠರಾವಿನ ಕೆಳಗಿನ ಸಹಿ ತೋರಿಸಿ. ಮುಂದಿನ ತಿಂಗಳು ನಾಲ್ವರೂ ಬಂದರು. ಜಮೀನಿನ ಒಂದು ಭಾಗವನ್ನು ವರ್ಗಾಯಿಸಲು ಬೇಕಾಗುವ 11ಇ ನಕ್ಷೆಗೆ ಅಳತೆ ಮಾಡಿಸಿ, ದಾನ ಸ್ವೀಕರಿಸಲು ಕಾರ್ಯದರ್ಶಿಗೆ ಅಧಿಕಾರ ಕೊಡುವ ಠರಾವು ಮಾಡಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ದಾನಪತ್ರ ಆಯಿತು. ಖಾತೆ ಬದಲಾವಣೆಯ ಆದೇಶ ಕೈಗೆ ಬರುವವರೆಗೆ ನನಗೆ ನೆಮ್ಮದಿ ಇರಲಿಲ್ಲ.

ಹಣದ ವಿಷಯದಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು. ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಟಿ.ಸಿ. ಪಡೆಯಲು ಬಂದಾಗ ಕಟ್ಟಡ ನಿಧಿಗೆಂದು ಒಂದಿಷ್ಟು ಕೇಳುವ ರೂಢಿ ನಮ್ಮಲ್ಲಿತ್ತು. ರಸೀದಿ ಕೊಡುತ್ತಿದ್ದೆವು, ಒಂದು ರೂಪಾಯಿಯೂ ಬೇರೆ ಕಡೆಗೆ ಹೋಗುತ್ತಿರಲಿಲ್ಲ. ಆದರೆ ಟಿ.ಸಿ. ಕೈಯಲ್ಲಿಟ್ಟುಕೊಂಡು ಕೇಳಿದ ಹಣ ಸ್ವಇಚ್ಛೆಯ ವಂತಿಗೆ ಹೇಗಾದೀತು? ಮುಖ್ಯೋಪಾಧ್ಯಾಯನಾಗಿ ನಾನೂ ಅದನ್ನು ಏಳು ವರ್ಷ ಕೇಳಿದ್ದೇನೆ. ತಾಯಂದಿರು ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟದ್ದು ಈಗ ನೆನಪಾದರೆ ಸಂಕಟವಾಗುತ್ತದೆ. ಕಾರ್ಯದರ್ಶಿಯಾಗಿ ನಾನು ಮಂಡಿಸಿದ ಮೊದಲ ಠರಾವು ಅದನ್ನು ನಿಲ್ಲಿಸುವುದು. ಈಗ ವಂತಿಗೆ ಬರುವುದು ಹಳೆಯ ವಿದ್ಯಾರ್ಥಿಗಳಿಂದ, ಬ್ಯಾಂಕ್ ಖಾತೆಗೆ, ಇಬ್ಬರ ಸಹಿಯಿಲ್ಲದೆ ಹಿಂಪಡೆಯಲಾಗದಂತೆ. ಮೂರು ತಿಂಗಳಿಗೊಮ್ಮೆ ಜಮಾ–ಖರ್ಚನ್ನು ಸೂಚನಾ ಫಲಕಕ್ಕೆ ಹಚ್ಚುತ್ತೇವೆ. ಸರ್ಕಾರದ ಹಣದಲ್ಲಿ ಸಂಬಳ ನಡೆಯುವ ಸಂಸ್ಥೆ ಮಾಹಿತಿ ಹಕ್ಕಿನ ಅರ್ಜಿ ಬರುವವರೆಗೆ ಕಾಯಬೇಕಾಗಿಲ್ಲ.

ಇಷ್ಟೆಲ್ಲ ಆಗುವ ಹೊತ್ತಿಗೆ ಮಹೋತ್ಸವ ಬಂತು. ಶಾಲೆಯ ಮೌಲ್ಯಗಳು ಎಂದು ಬಾಗಿಲ ಬಳಿ ಒಂದು ಫಲಕ ಹಾಕಬೇಕೆಂದು ಸಮಿತಿಯವರ ಆಸೆ. ಶಿಸ್ತು, ಸಂಸ್ಕಾರ, ಸಾಧನೆ ಎಂದು ಬರೆಸೋಣ ಎಂದರು. ಒಳ್ಳೆಯ ಮಾತುಗಳೇ. ನಾನು ಒಂದೇ ಷರತ್ತು ಹಾಕಿದೆ: ಬರೆಯುವ ಪ್ರತಿ ಮಾತಿಗೂ ನಮ್ಮ ನಡಾವಳಿ ಪುಸ್ತಕದಲ್ಲಿ ಒಂದು ಠರಾವು ತೋರಿಸಬೇಕು. ಎರಡು ಸಭೆ ಅದರಲ್ಲಿಯೇ ಕಳೆಯಿತು, ಅಷ್ಟು ಒಳ್ಳೆಯ ಚರ್ಚೆ ನಮ್ಮಲ್ಲಿ ಹಿಂದೆ ನಡೆದಿರಲಿಲ್ಲ. ಕೊನೆಗೆ ಫಲಕದಲ್ಲಿ ನಾಲ್ಕು ವಾಕ್ಯ ಉಳಿದವು. ಬಂದ ಮಗುವನ್ನು ಈ ಶಾಲೆ ಹಿಂದಕ್ಕೆ ಕಳುಹಿಸುವುದಿಲ್ಲ. ಇಲ್ಲಿ ಎಲ್ಲರಿಗೂ ಒಂದೇ ನೀರು, ಒಂದೇ ಪಂಕ್ತಿ. ಇಲ್ಲಿ ಮಗುವಿನ ಮೇಲೆ ಕೈ ಎತ್ತುವುದಿಲ್ಲ. ಈ ಶಾಲೆಯ ಲೆಕ್ಕವನ್ನು ಯಾರು ಬೇಕಾದರೂ ಕೇಳಬಹುದು. ಮೂರನೆಯದಕ್ಕೆ ಹಳೆಯ ಠರಾವು ಸಿಗಲಿಲ್ಲ. ಸಿಕ್ಕಿದ್ದು ಅದಕ್ಕೆ ವಿರುದ್ಧವಾದ ಒಂದು. ಹಾಗಾಗಿ ಅವತ್ತೇ ಹೊಸದಾಗಿ ಠರಾವು ಮಾಡಿದೆವು. ಮೊದಲನೆಯದು ಸಂವಿಧಾನದ 29(2)ನೆಯ ವಿಧಿ ನೆರವು ಪಡೆಯುವ ಎಲ್ಲ ಶಾಲೆಗೂ ಹೇಳುವ ಮಾತಿಗೆ ಹತ್ತಿರದ್ದೇ, ಆದರೆ ಮಕ್ಕಳಿಗೆ ಅದನ್ನು ವಿವರಿಸುವಾಗ ನಾನು ಮುಳುಗಿದ ಊರುಗಳ ಹೆಸರು ಓದುತ್ತೇನೆ.

ಅಮೃತಶಿಲೆಯ ಹಳೆಯ ಫಲಕ ಹಾಗೆಯೇ ಇದೆ. ಅದರ ಪಕ್ಕದಲ್ಲಿ ಜಂಬಿಟ್ಟಿಗೆ ಕಲ್ಲಿನ ಗೋಡೆಗೆ ಆಳಿನ ಲೆಕ್ಕದ ಹೆಸರುಗಳ ಇನ್ನೊಂದು ಫಲಕ ಬಂತು. ತಂದೆಯ ಹೆಸರಿನ ಕೆಳಗೆ ಆ ಅಜ್ಜಿಯ ಹೆಸರೂ ಇದೆ. ಅವರ ಮೊಮ್ಮಗಳ ತಾಯಿ ಈಗ ಸಮಿತಿಯಲ್ಲಿ ಪೋಷಕ ಪ್ರತಿನಿಧಿ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ನಿವೃತ್ತರಾದ ಶಿಕ್ಷಕರ ಹುದ್ದೆಗಳನ್ನು ತುಂಬಲು ಇಲಾಖೆಯ ಅನುಮತಿ ಬೇಕು, ಅದು ಬರುವುದು ತಡ. ವಿಜ್ಞಾನಕ್ಕೂ ಹಿಂದಿಗೂ ಕಾಯಂ ಶಿಕ್ಷಕರಿಲ್ಲ. ಮಕ್ಕಳ ಸಂಖ್ಯೆ ವರ್ಷವರ್ಷವೂ ಇಳಿಯುತ್ತಿದೆ, ತಾಲ್ಲೂಕು ಕೇಂದ್ರದಿಂದ ಹಳದಿ ವ್ಯಾನುಗಳು ಬಾಗಿಲಿಗೇ ಬರುತ್ತವೆ. ಬೈಲಾ ಎಷ್ಟೇ ಚೆನ್ನಾಗಿದ್ದರೂ ತರಗತಿಯಲ್ಲಿ ಶಿಕ್ಷಕರಿಲ್ಲದಿದ್ದರೆ ಪೋಷಕರು ಕಾಯುವುದಿಲ್ಲ. ಕಾಯಬೇಕೆಂದು ಕೇಳುವ ಹಕ್ಕೂ ನಮಗಿಲ್ಲ.

ಕಳೆದ ಮಹಾಸಭೆಗೆ ನನ್ನ ಎರಡು ಅವಧಿ ಮುಗಿಯಿತು. ಮುಂದೂಡದೆಯೇ ಕೋರಂ ಆದ ಸಭೆ ಅದು. ಹೊಸ ಕಾರ್ಯದರ್ಶಿ ನನ್ನ ವಿದ್ಯಾರ್ಥಿನಿಯಾಗಿದ್ದವರು. ಪಟ್ಟಿ ಮಾಡಿ ಎಲ್ಲವನ್ನೂ ಎಣಿಸಿ ಒಪ್ಪಿಸಿದೆ: ನಡಾವಳಿ ಪುಸ್ತಕ ಐದು, ಈಗ ಬರೆಯುತ್ತಿರುವ ಆರನೆಯದೂ ಸೇರಿ. ಆಳಿನ ಲೆಕ್ಕ ಒಂದು. ದಾನಪತ್ರ ಒಂದು, ಬೀರುವಿನ ಬೀಗದ ಕೈ ಎರಡು. ಎರಡನೆಯ ನಡಾವಳಿ ಪುಸ್ತಕದ ಮುಂದೆ ‘ಸಿಕ್ಕಿಲ್ಲ’ ಎಂದು ಬರೆದೆ. ಸಂಚಿಕೆಯ ಚರಿತ್ರೆಯಲ್ಲಿಯೂ ಆ ವರ್ಷಗಳಿಗೆ ಒಂದು ಪುಟ ಖಾಲಿ ಬಿಟ್ಟಿದ್ದೇನೆ. ಊಹೆಯಿಂದ ತುಂಬಲು ಮನಸ್ಸಾಗಲಿಲ್ಲ. ಈಗಲೂ ಯಾರ ಮನೆಯಲ್ಲಿಯಾದರೂ ಹಳೆಯ ಟ್ರಂಕು ಕೆಳಗಿಳಿಸುತ್ತಿದ್ದಾರೆಂದು ಕೇಳಿದರೆ ಹೋಗಿ ನೋಡಿ ಬರುತ್ತೇನೆ.